ಕ್ಯೂಆರ್ ಕೋಡ್‌ಗಿಂತ ಮೊದಲು ಕನ್ನಡ ಕಲಿತ ಮಾಸ್ತರ್
ಮನಗೂಳಿ: ಪಠ್ಯಪುಸ್ತಕದಾಗಿನ ಕ್ಯೂಆರ್ ಕೋಡ್ ಎಲ್ಲರೂ ನೋಡಿರ್ತಾರೆ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೊ ಸಿಗುತ್ತದೆ. ಇಂಥದ್ದನ್ನು ಮುಂಚೆಯೇ ಮಾಡಿ ಹೆಸರಾದವರು ಪಕ್ಕದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಸರ್ಕಾರಿ ಸಾಲಿಯಲ್ಲಿ ಮಾಸ್ತರ್ ಆಗಿದ್ದ ರಣಜಿತ್‌ಸಿಂಹ ಡಿಸಲೆ.

2009ರಲ್ಲಿ ಅವರು ಅಲ್ಲಿಗೆ ಬಂದಾಗ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು. ಮೊದಲು ತಾವೇ ಕನ್ನಡ ಕಲಿತು ಪಾಠಗಳನ್ನು ಮಕ್ಕಳ ಮಾತಿಗೆ ತಂದರು. ಜೊತೆಗೆ ಹಾಡು, ಕತೆ, ವಿಡಿಯೊ ಸಿಗುವ ಕೋಡ್ ಹಾಕಿದರು ಎನ್ನುತ್ತಾರೆ ಪ್ರಶಸ್ತಿ ಕೊಟ್ಟವರು. ಭಾರತ–ಪಾಕಿಸ್ತಾನದಂಥ ದೇಶಗಳ ಮಕ್ಕಳನ್ನೂ ಆನ್‌ಲೈನ್‌ನಲ್ಲಿ ಮಾತಾಡಿಸಿದರು.

2020ರಲ್ಲಿ 10 ಲಕ್ಷ ಡಾಲರ್‌ನ ಗ್ಲೋಬಲ್ ಟೀಚರ್ ಪ್ರೈಜ್ ಬಂದಾಗ, ಅರ್ಧ ಹಣ ಉಳಿದ 9 ಫೈನಲಿಸ್ಟ್ ಶಿಕ್ಷಕರಿಗೆ ಎಂದರು.

ನೆಟ್ ಬಂದ ಮಾತ್ರಕ್ಕೆ ಜಗತ್ತು ಕ್ಲಾಸಿಗೆ ಬರಲ್ಲ. ತೋರಿಸೋದು ಮಗುವಿಗೆ ತಿಳಿಯೋ ಮಾತಿನಾಗ ಇರಬೇಕು.