ಕಾರಿನ ಕಿಟಕಿಗೇ ಬಂತು ನೊರೆಯುಕ್ಕುವ ಬೇರಿನ ಪಾನಕ!

ಕಾರಿನ ಕಿಟಕಿ ಗಾಜನ್ನು ನಾಲ್ಕು ಬೆರಳಷ್ಟು ಏರಿಸಿ ನಿಲ್ಲಿಸಿ. ಅಷ್ಟೇ ನಿಮ್ಮ ಕೆಲಸ! ಗಾಜಿನ ಅಂಚಿಗೆ ಒಂದು ಅಲ್ಯೂಮಿನಿಯಂ ಟ್ರೇ ಬಂದು ಕೊಕ್ಕೆ ಹಾಕಿ ಕೂರುತ್ತದೆ. ಕೆಳಗಿನ ಆಸರೆ ಕಂಬಿ ಬಾಗಿಲಿಗೆ ಒತ್ತಿಕೊಳ್ಳುತ್ತದೆ. ಬಣ್ಣ ತರಚದಿರಲೆಂದು ಅದರ ತುದಿಗೆ ರಬ್ಬರ್. ಟ್ರೇಯ ಮೇಲೆ ದಪ್ಪ ಗಾಜಿನ ಮಗ್, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಆಗ ತಾನೇ ಫ್ರೀಜರಿನಿಂದ ತೆಗೆದದ್ದರಿಂದ ಮೈಯೆಲ್ಲ ಬೆಳ್ಳಗೆ ಹಿಮದ ಪುಡಿ. ಒಳಗೆ ಕಡುಕಂದು ಪಾನೀಯ, ಅಂಚು ಮೀರಿ ಉಬ್ಬಿದ ನೊರೆ. ಮೊದಲ ಗುಟುಕಿನಲ್ಲೇ ಒಂದು ಚಮತ್ಕಾರ ಕಾದಿದೆ! ಪಾನೀಯ ಸುರಿದ ಕೂಡಲೇ ಮಗ್ಗಿನ ಒಳಮೈಗೆ ಕಟ್ಟಿದ ತೆಳು ಐಸಿನ ಪದರ ಸಡಿಲಗೊಂಡು, ಚೂರು ಚೂರಾಗಿ ತುಟಿಗೆ ತಾಗುತ್ತದೆ.

ಇದು ರೂಟ್ ಬಿಯರ್. ಮದ್ಯವಲ್ಲ, ಬೇರು, ತೊಗಟೆ, ಎಲೆಗಳ ಪರಿಮಳ ತುಂಬಿಕೊಂಡ ಸಿಹಿ ಪಾನಕ. ಅಮೆರಿಕದ ಸಣ್ಣ ಊರುಗಳಲ್ಲಿ ಬೆಳೆದ ಹಿರಿಯರ ಮುಂದೆ ಇದರ ಹೆಸರೆತ್ತಿ ನೋಡಿ, ಮುಖ ಅರಳುತ್ತದೆ. ಅಪ್ಪನ ಕಾರಿನ ಹಿಂದಿನ ಸೀಟು, ಪುಟಾಣಿಗಳಿಗೆಂದೇ ಇದ್ದ ಅಂಗೈಯಗಲದ ಬೇಬಿ ಮಗ್, ಶುಕ್ರವಾರ ರಾತ್ರಿ ಶಾಲೆಯ ಫುಟ್‌ಬಾಲ್ ಪಂದ್ಯ ಮುಗಿಸಿ ಬಂದು ಪಾನಕದ ಅಂಗಡಿಯ ಮುಂದೆ ಸೇರುತ್ತಿದ್ದ ಹುಡುಗರ ದಂಡು, ಎಲ್ಲವೂ ಒಂದರ ಹಿಂದೊಂದು ಹೊರಬರುತ್ತವೆ. ಒಂದು ಪಾನಕಕ್ಕೆ ಇಷ್ಟು ಮೋಹವೇಕೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಬರೀ ರುಚಿಯ ಕಥೆಯಲ್ಲ. ತಾಜಾ ರೂಟ್ ಬಿಯರ್ ದೂರ ಪ್ರಯಾಣ ಮಾಡುವ ಸರಕಾಗಿರಲಿಲ್ಲ. ಆದ್ದರಿಂದ ಜನರೇ ಅದರ ಬಳಿಗೆ ಪ್ರಯಾಣ ಮಾಡಿದರು. ಕಾರಿನಲ್ಲೇ ಕೂತು ತಿನ್ನುವ ಡ್ರೈವ್-ಇನ್ ಹೋಟೆಲುಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ, ಒಂದು ಪೀಪಾಯಿಯ ಸುತ್ತ!

ಒಂದೇ ಮರ, ಮೂರು ಬಗೆಯ ಎಲೆ

ಮೊದಲು ಆ ಬೇರಿನ ಬಳಿಗೇ ಹೋಗೋಣ. ಪೂರ್ವ ಅಮೆರಿಕದ ಕಾಡಂಚಿನಲ್ಲಿ ಸಾಸಫ್ರಾಸ್ ಎಂಬ ಮರ ಬೆಳೆಯುತ್ತದೆ. ಒಂದೇ ಮರದಲ್ಲಿ ಮೂರು ಆಕಾರದ ಎಲೆಗಳು! ಕೆಲವು ಸಾದಾ ಅಂಡಾಕಾರ, ಕೆಲವಕ್ಕೆ ಒಂದು ಬದಿ ಹೆಬ್ಬೆರಳು ಚಾಚಿದ ಹಾಗೆ ಒಂದು ಸೀಳು, ಕೆಲವಕ್ಕೆ ಎರಡೂ ಬದಿ ಸೀಳು. ಎಳೆಯ ಬೇರನ್ನು ಉಗುರಿನಿಂದ ಕೆರೆದರೆ ಸಾಕು, ಘಮ್ಮೆಂದು ರೂಟ್ ಬಿಯರಿನ ವಾಸನೆ. ಅಲ್ಲಿನ ಮೂಲನಿವಾಸಿಗಳು ಇದನ್ನು ಮದ್ದಾಗಿ ಬಳಸುತ್ತಿದ್ದರು. ಯೂರೋಪಿನವರು ಇದಕ್ಕೆ ಎಷ್ಟು ಮರುಳಾದರೆಂದರೆ, 1602ರಲ್ಲಿ ಬಾರ್ಥಲೊಮ್ಯೂ ಗಾಸ್ನೋಲ್ಡ್ ಎಂಬ ಇಂಗ್ಲಿಷ್ ನಾವಿಕ ಅಮೆರಿಕದ ತೀರಕ್ಕೆ ಬಂದು ಸಾಸಫ್ರಾಸನ್ನು ಹಡಗಿಗೆ ತುಂಬಿಕೊಂಡು ಹೋದ.

ಆಮೇಲೆ ಹಳ್ಳಿಯ ಮನೆಗಳಲ್ಲಿ ಸಾಸಫ್ರಾಸ್ ಜೊತೆಗೆ ಸಾರ್ಸಪರಿಲಾ ಬೇರು, ಬರ್ಚ್ ತೊಗಟೆ, ಶುಂಠಿ, ಜೇಷ್ಠಮಧು, ವಿಂಟರ್‌ಗ್ರೀನ್ ಎಲೆ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸಿ, ಸಕ್ಕರೆ ಮತ್ತು ಯೀಸ್ಟ್ ಹಾಕಿ ಹುದುಗಿಸುವ ರೂಢಿ ಬೆಳೆಯಿತು. ಒಂದು ಮನೆಯ ಹದ ಇನ್ನೊಂದು ಮನೆಗಿಲ್ಲ.

ಈಗ ಕನ್ನಡಿಗರ ಮೈ ಜುಮ್ಮೆನ್ನಿಸುವ ಸಂಗತಿಗಳು. ನಮ್ಮ ನೋವಿನ ಮುಲಾಮುಗಳ ಡಬ್ಬಿಯ ಮೇಲೆ ಗಂಧಪುರ ತೈಲ ಎಂದು ಬರೆದಿರುತ್ತದಲ್ಲ, ಅದು ವಿಂಟರ್‌ಗ್ರೀನ್ ಎಣ್ಣೆಯೇ! ಊಟಿಯ ಅಂಗಡಿಗಳಲ್ಲಿ ನೀಲಗಿರಿ ಎಣ್ಣೆಯ ಪಕ್ಕದಲ್ಲೇ ಮಾರುವ ಆ ಎಣ್ಣೆ ಅಮೆರಿಕದ ಗಿಡದ ಹತ್ತಿರದ ಬಂಧುವಿನಿಂದ ಬರುವಂಥದ್ದು. ಎರಡರಲ್ಲೂ ಇರುವುದು ಮೀಥೈಲ್ ಸ್ಯಾಲಿಸಿಲೇಟ್. ಮೊದಲ ಸಲ ರೂಟ್ ಬಿಯರ್ ಕುಡಿದ ನಮ್ಮವರು "ಅಯ್ಯೋ, ಇದು ಮುಲಾಮಿನ ವಾಸನೆ!" ಎಂದು ಮಗ್ ಪಕ್ಕಕ್ಕಿಡುವುದು ಇದಕ್ಕೇ. ದಯವಿಟ್ಟು ಇಡಬೇಡಿ, ಇನ್ನೊಂದು ಗುಟುಕು ಕುಡಿಯಿರಿ. ಮುಲಾಮಿನ ಹಿಂದಿನಿಂದ ವೆನಿಲಾ, ಜೇಷ್ಠಮಧು, ಸುಟ್ಟ ಸಕ್ಕರೆಯ ರುಚಿ ಮೆಲ್ಲಗೆ ಮೇಲೆ ಬರುತ್ತದೆ.

ನಮ್ಮಲ್ಲೂ ಬೇರಿನ ಪಾನಕ ಇದೆಯಲ್ಲ! ಸೊಗದೆ ಬೇರು, ನಾಮದ ಬೇರು ಎಂದು ಕರೆಯುವ, ರಾಯಲಸೀಮೆ ಮತ್ತು ತಮಿಳುನಾಡಿನಲ್ಲಿ ನನ್ನಾರಿ ಎನಿಸಿಕೊಂಡ ಬಳ್ಳಿಯ ಬೇರು. ಇಂಗ್ಲಿಷರು ಅದನ್ನು ಇಂಡಿಯನ್ ಸಾರ್ಸಪರಿಲಾ ಎಂದೇ ಕರೆದರು, ಸಸ್ಯಕುಲ ಬೇರೆಯಾದರೂ. ಅದರ ಘಮಕ್ಕೆ ಕಾರಣವಾದ ಅಣುವಿನಲ್ಲಿ ಇರುವುದು ವೆನಿಲಾದ ಘಮದ ಅಣುವಿನಲ್ಲಿರುವಷ್ಟೇ, ಅವೇ ಪರಮಾಣುಗಳು. ಜೋಡಣೆ ಮಾತ್ರ ಬೇರೆ. ಬೇಸಿಗೆಯಲ್ಲಿ ನಿಂಬೆ ಹಿಂಡಿದ ಸೊಗದೆ ಶರಬತ್ತು ಕುಡಿದು ಬೆಳೆದ ನಾಲಿಗೆಗೆ ರೂಟ್ ಬಿಯರ್ ಪರಕೀಯವಾಗಲು ಸಾಧ್ಯವೇ ಇಲ್ಲ!

ಐದು ಸೆಂಟಿಗೆ ಒಂದು ಮಗ್

ಮನೆಮನೆಯ ಈ ಕಷಾಯವನ್ನು ದೇಶಕ್ಕೆಲ್ಲ ಮುಟ್ಟಿಸಿದವನು ಫಿಲಡೆಲ್ಫಿಯಾದ ಔಷಧ ವ್ಯಾಪಾರಿ ಚಾರ್ಲ್ಸ್ ಹೈರ್ಸ್. 1876ರಲ್ಲಿ ಆ ನಗರದಲ್ಲಿ ನಡೆದ ಭಾರೀ ವಸ್ತುಪ್ರದರ್ಶನದಲ್ಲಿ ಅವನು ತನ್ನ ಪಾನೀಯದ ಪ್ರಚಾರ ಮಾಡಿದ. ಅವನು ಮಾರುತ್ತಿದ್ದುದು ಒಣ ಮಿಶ್ರಣದ ಪೊಟ್ಟಣ: 25 ಸೆಂಟು ಕೊಟ್ಟರೆ ಮನೆಯಲ್ಲಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಪಾನೀಯ ಸಿದ್ಧ. ಹೆಸರಿನಲ್ಲಿ ಬಿಯರ್ ಇದ್ದದ್ದಕ್ಕೆ 1895ರಲ್ಲಿ ಮದ್ಯವಿರೋಧಿ ಮಹಿಳಾ ಸಂಘಟನೆ ಬಹಿಷ್ಕಾರ ಹಾಕಿತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇಲಿಬಂದದ್ದೇನು ಗೊತ್ತೇ? ಒಂದು ಬಾಟಲಿಯಲ್ಲಿದ್ದ ಮದ್ಯಸಾರ ಅರ್ಧ ಲೋಫ್ ಬ್ರೆಡ್ಡಿನಲ್ಲಿ ಇರುವಷ್ಟು! ಬಹಿಷ್ಕಾರ ಬಿದ್ದುಹೋಯಿತು.

ಆಮೇಲಿನ ದೊಡ್ಡ ತಿರುವು ಕ್ಯಾಲಿಫೋರ್ನಿಯಾದ ಲೋಡೈ ಎಂಬ ಊರಿನಲ್ಲಿ. 1919ರ ಜೂನ್ 20. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಊರು ಮೆರವಣಿಗೆ ಏರ್ಪಡಿಸಿತ್ತು. ರಸ್ತೆಬದಿಯಲ್ಲಿ ರಾಯ್ ಅಲೆನ್ ಎಂಬಾತ ಪೀಪಾಯಿ ಇಟ್ಟು, ಒಬ್ಬ ಔಷಧ ವ್ಯಾಪಾರಿಯಿಂದ ಕೊಂಡ ಸೂತ್ರದಂತೆ ಮಾಡಿದ ರೂಟ್ ಬಿಯರನ್ನು ಐದು ಸೆಂಟಿಗೆ ಒಂದು ಮಗ್‌ನಂತೆ ಮಾರಿದ. ದೇಶದಲ್ಲಿ ಪಾನನಿಷೇಧ ಕಾಲಿಡುತ್ತಿದ್ದ ಹೊತ್ತು ಅದು. ತಣ್ಣನೆ ನೊರೆಯ ಮಗ್ ಹಿಡಿಯುವ ಆಸೆ ಜನರಿಗಿತ್ತು. 1922ರಲ್ಲಿ ಫ್ರಾಂಕ್ ರೈಟ್ ಜೊತೆಗೂಡಿದ, ಇಬ್ಬರ ಹೆಸರಿನ ಮೊದಲಕ್ಷರ ಸೇರಿ ಎ ಆ್ಯಂಡ್ ಡಬ್ಲ್ಯು ಆಯಿತು. ಸ್ಯಾಕ್ರಮೆಂಟೊದಲ್ಲಿ ಅವರು ಕಾರಿನ ಬಳಿಗೇ ಟ್ರೇ ಒಯ್ಯುವ ಹುಡುಗರನ್ನು ನೇಮಿಸಿದರು. ಅಷ್ಟು ಹೊತ್ತಿಗೆ ಟೆಕ್ಸಸ್‌ನ ಡಲ್ಲಸ್‌ನಲ್ಲಿ ಪಿಗ್ ಸ್ಟ್ಯಾಂಡ್ ಎಂಬ ಹೋಟೆಲು 1921ರಲ್ಲೇ ಕಾರಿಗೆ ಊಟ ಕೊಡಲು ಶುರುಮಾಡಿತ್ತು. ಅಗ್ಗದ ಕಾರು, ಹೊಸ ಡಾಂಬರು ರಸ್ತೆ, ತಣ್ಣನೆಯ ಪೀಪಾಯಿ, ಮೂರೂ ಒಂದಾದವು!

ಒಂದು ಮಗ್‌ನಿಂದ ಏನೆಲ್ಲ ಹುಟ್ಟಿತು ನೋಡಿ. 1927ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜೆ. ವಿಲರ್ಡ್ ಮ್ಯಾರಿಯಟ್ ಎಂಬ ಯುವಕ ಒಂಬತ್ತೇ ಸ್ಟೂಲುಗಳ ರೂಟ್ ಬಿಯರ್ ಅಂಗಡಿ ತೆರೆದ. ಚಳಿಗಾಲ ಬಂತು, ತಣ್ಣನೆ ಪಾನೀಯ ಯಾರಿಗೆ ಬೇಕು? ಅವನು, ಪತ್ನಿ ಆಲಿಸ್ ಸೇರಿ ಬಿಸಿ ಬಿಸಿ ತಿಂಡಿ ಮಾರತೊಡಗಿದರು. ಆ ಅಂಗಡಿ ಬೆಳೆದು ಹೋಟೆಲು ಸಾಮ್ರಾಜ್ಯವಾಯಿತು. ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯ ಜೆಡಬ್ಲ್ಯು ಮ್ಯಾರಿಯಟ್ ಹೋಟೆಲಿನ ಹೆಸರಿನಲ್ಲಿರುವ ಜೆ ಮತ್ತು ಡಬ್ಲ್ಯು ಆ ರೂಟ್ ಬಿಯರ್ ಮಾರಿದವನವೇ! ಇನ್ನೊಂದು: 1953ರಲ್ಲಿ ಒಕ್ಲಹೋಮದ ಶಾನೀ ಊರಿನಲ್ಲಿ ಟ್ರಾಯ್ ಸ್ಮಿತ್ ಒಂದು ಹೋಟೆಲು ಕೊಂಡ. ಅದರ ಜೊತೆಗೆ ರೂಟ್ ಬಿಯರ್ ಗೂಡಂಗಡಿಯೂ ಬಂತು. ದೊಡ್ಡ ಹೋಟೆಲಿಗಿಂತ ಗೂಡಂಗಡಿಯೇ ಹೆಚ್ಚು ದುಡಿಯಿತು. ಮುಂದೆ ಅದೇ ಸೋನಿಕ್ ಎಂಬ ದೇಶವ್ಯಾಪಿ ಡ್ರೈವ್-ಇನ್ ಸರಪಳಿಯಾಯಿತು.

ಮೇಷ್ಟ್ರುಗಳ ಬೇಸಿಗೆ ಅಂಗಡಿ

ಆದರೆ ನನ್ನ ಮನಸ್ಸು ಸೋತದ್ದು ಸಾಮ್ರಾಜ್ಯಗಳಿಗಲ್ಲ, ಸಣ್ಣ ಊರಿನ ಸಣ್ಣ ಮನುಷ್ಯರಿಗೆ. ಓಹಿಯೋದ ಮ್ಯಾನ್ಸ್‌ಫೀಲ್ಡ್‌ನಲ್ಲಿ 1924ರಲ್ಲಿ ಫ್ರಾಂಕ್ ಸ್ಟುವರ್ಟ್ ಎಂಬ ಶಾಲಾ ಮೇಷ್ಟ್ರು ಸಂಬಳ ಸಾಲದೆ ರೂಟ್ ಬಿಯರ್ ಅಂಗಡಿ ಇಟ್ಟ. 1953ರಲ್ಲಿ ಇಲಿನಾಯ್‌ನ ಶಾಂಪೇನ್ ಊರಿನಲ್ಲಿ ಇಬ್ಬರು ಸಂಗೀತ ಮೇಷ್ಟ್ರುಗಳು ಡಾಗ್ ಎನ್ ಸಡ್ಸ್ ಶುರುಮಾಡಿದರು. ಮೇಷ್ಟ್ರುಗಳೇ ಏಕೆ? ಉತ್ತರ ಋತುವಿನಲ್ಲಿದೆ. ಶಾಲೆಗೆ ರಜೆ ಬಂದಾಗಲೇ ಸೆಕೆ, ಸೆಕೆಯಿದ್ದಾಗಲೇ ವ್ಯಾಪಾರ. ಇಂಥ ಎಷ್ಟೋ ಅಂಗಡಿಗಳು ವಸಂತದಲ್ಲಿ ಬಾಗಿಲು ತೆರೆದು ಚಳಿ ಶುರುವಾಗುತ್ತಲೇ ಮುಚ್ಚುತ್ತಿದ್ದವು. ಕಾರಿನಿಂದ ಕಾರಿಗೆ ಓಡಾಡುವ ಕಾರ್‌ಹಾಪ್ ಕೆಲಸವೇ ಎಷ್ಟೋ ಹುಡುಗ ಹುಡುಗಿಯರ ಮೊದಲ ಸಂಪಾದನೆ. ಕೆಲವೆಡೆ ಅವರ ಕಾಲಿಗೆ ಚಕ್ರದ ಸ್ಕೇಟು ಬೇರೆ! ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ, ವಿನ್ನೆಬೇಗೊ ಸರೋವರಕ್ಕೆ ಮುಖ ಮಾಡಿ 1948ರಿಂದ ನಡೆದುಬಂದ ಆರ್ಡೀ ಆ್ಯಂಡ್ ಎಡ್ಸ್ ಈ ಸ್ಕೇಟಿನ ಸೇವೆಗೇ ಹೆಸರುವಾಸಿ.

ತಾಜಾ ಎಂದರೆ ಏನು? ಅಂಗಡಿಯ ಹಿಂಬದಿಯಲ್ಲೇ ಸಕ್ಕರೆ ಕರಗಿಸಿ, ಬೇರಿನ ಸಾರ ಬೆರೆಸಿ, ತಣ್ಣೀರು ಕೂಡಿಸಿ, ಅನಿಲ ತುಂಬಿ, ಪೀಪಾಯಿಯಿಂದ ನೇರ ಮಗ್ಗಿಗೆ ಬಿಡುವುದು. ಬಾಟಲಿಯ ಸೋಡಾದ ಹಾಗೆ ಇದು ಮೂಗಿಗೆ ಚುಚ್ಚುವುದಿಲ್ಲ. ಗುಳ್ಳೆ ಮೃದು, ನೊರೆ ಮಂದ. ಇನ್ನು ನೀರು! ಸಿನ್ಸಿನಾಟಿ ಬಳಿಯ ಶಾರನ್‌ವಿಲ್‌ನಲ್ಲಿ 1957ರಿಂದ ಇರುವ ದಿ ರೂಟ್ ಬಿಯರ್ ಸ್ಟ್ಯಾಂಡ್ ತನ್ನ ಜಾಗದ ಬಾವಿಯ ನೀರಿನಲ್ಲೇ ಪಾನೀಯ ಮಾಡುತ್ತದೆ. ಯೋಚಿಸಿ: ಅದೇ ಸೂತ್ರ ಪಕ್ಕದ ಊರಿಗೆ ಹೋದರೆ ನೀರು ಬೇರೆ, ರುಚಿ ಬೇರೆ. ನೆಲದಡಿಯ ನೀರೇ ಊರಿನ ಗುರುತಾಗಿ ಮಗ್ಗಿಗೆ ಇಳಿಯುತ್ತದೆ!

ಅದಕ್ಕೊಂದು ಉಂಡೆ ವೆನಿಲಾ ಐಸ್‌ಕ್ರೀಮ್ ಹಾಕಿದರೆ ರೂಟ್ ಬಿಯರ್ ಫ್ಲೋಟ್. ಐಸ್‌ಕ್ರೀಮಿನೊಳಗಿನ ಗಾಳಿಗುಳ್ಳೆಗಳು ಪಾನೀಯದಲ್ಲಿ ಅಡಗಿದ್ದ ಅನಿಲವನ್ನು ಹೊರಗೆ ಕರೆಯುತ್ತವೆ. ಹಾಲಿನ ಪ್ರೋಟೀನು ಆ ಗುಳ್ಳೆಗಳನ್ನು ಒಡೆಯದಂತೆ ಹಿಡಿದಿಡುತ್ತದೆ. ನೊರೆ ಏರುತ್ತದೆ, ಏರುತ್ತಲೇ ಇರುತ್ತದೆ. ಚಮಚಕ್ಕೆ ಸಿಗುವ, ಹಲ್ಲಿಗೆ ಕರುಂ ಎನ್ನುವ ಆ ಕೆನೆಹರಳು ತಿಂದವರಿಗೇ ಗೊತ್ತು.

ಹೆದ್ದಾರಿ ಊರನ್ನು ಬಿಟ್ಟು ಹೋದಾಗ

1960ರ ಹೊತ್ತಿಗೆ ಎ ಆ್ಯಂಡ್ ಡಬ್ಲ್ಯು ಅಂಗಡಿಗಳೇ 2,000ಕ್ಕೂ ಹೆಚ್ಚು. ಆದರೆ ಬದಲಾವಣೆಯ ಬೀಜ ಆಗಲೇ ಬಿದ್ದಿತ್ತು. 1948ರಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಕಾರ್‌ಹಾಪ್‌ಗಳನ್ನು, ಗಾಜಿನ ಲೋಟಗಳನ್ನು ಕೈಬಿಟ್ಟು, ಕಾಗದದ ಲೋಟ ಮತ್ತು ವೇಗವನ್ನು ತಂದರು. 1956ರ ಕಾಯಿದೆಯಿಂದ ಬಂದ ಅಂತರರಾಜ್ಯ ಹೆದ್ದಾರಿಗಳು ಊರೊಳಗಿನ ರಸ್ತೆಯನ್ನು ಬಿಟ್ಟು ಹೊರಗಿನಿಂದ ಹಾದುಹೋದವು. ಸಾಸಫ್ರಾಸಿನಲ್ಲಿರುವ ಸ್ಯಾಫ್ರೋಲ್ ಎಂಬ ರಾಸಾಯನಿಕ ಪ್ರಯೋಗದ ಇಲಿಗಳಿಗೆ ಕ್ಯಾನ್ಸರ್ ತಂದದ್ದು ಕಂಡು, 1960ರಲ್ಲಿ ಸರಕಾರ ಅದನ್ನು ಆಹಾರದಲ್ಲಿ ನಿಷೇಧಿಸಿತು. ಅಲ್ಲಿಂದ ವಿಂಟರ್‌ಗ್ರೀನ್, ವೆನಿಲಾಗಳೇ ಮುಂದೆ ಬಂದವು. 1971ರಲ್ಲಿ ಎ ಆ್ಯಂಡ್ ಡಬ್ಲ್ಯು ಕ್ಯಾನಿನಲ್ಲೂ ಬಂತು. ಪ್ರಯಾಣ ಮಾಡದ ಪಾನೀಯ ಪ್ರಯಾಣ ಕಲಿತಿತು. ಅದರ ಬಳಿಗೆ ಹೋಗುವ ಕಾರಣ ಒಂದೊಂದಾಗಿ ಕಡಿಮೆಯಾಯಿತು. ಹಿರಿಯರು ಹಂಬಲಿಸುವುದು ಬರೀ ಸಿಹಿಗಾಗಿ ಅಲ್ಲ ಎಂದು ನನಗೆ ಅರ್ಥವಾದದ್ದು ಇಲ್ಲಿ. ಊರೆಲ್ಲ ಒಂದೇ ಸಂಜೆ ಒಂದೇ ಕಡೆ ಬಂದು ನಿಲ್ಲಲು ಇದ್ದ ಆ ಸಿಹಿಯಾದ ನೆಪಕ್ಕಾಗಿ.

ಈ ಹಂಬಲ ನಮಗೆ ತಿಳಿಯದ್ದೇನಲ್ಲ. ಉಡುಪಿ ಸೀಮೆಯ ಕೆ. ಕೃಷ್ಣರಾಯರು 1962ರಲ್ಲಿ ಚೆನ್ನೈನಲ್ಲಿ ಕಟ್ಟಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿದಾಗ ಎಷ್ಟು ಜನ ಮರುಗಿದರು! ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್‌ನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ ದೋಸೆ ತಿಂದವರಿಗೂ ಇದರ ಸುಖ ಗೊತ್ತು.

ಸಂತೋಷದ ಸುದ್ದಿಯೆಂದರೆ ಎಲ್ಲವೂ ಮುಗಿದಿಲ್ಲ! ಪರ್ಡ್ಯೂ ವಿಶ್ವವಿದ್ಯಾಲಯದ ಅಂಚಿನಲ್ಲೇ, ವೆಸ್ಟ್ ಲಾಫಯೆಟ್‌ನಲ್ಲಿ 1929ರ ಟ್ರಿಪಲ್ ಎಕ್ಸ್ ಎಂಬ ಅಂಗಡಿ ಇದೆ; ಅಲ್ಲಿ ಓದುವ ನಮ್ಮ ಮಕ್ಕಳು ನಡೆದೇ ಹೋಗಬಹುದು. ಸಿಯಾಟಲ್ ಬಳಿಯ ಇಸಕ್ವಾದಲ್ಲಿ, ಸಾಫ್ಟ್‌ವೇರ್ ಕನ್ನಡಿಗರು ನೆಲೆಸಿರುವ ಸೀಮೆಯಲ್ಲೇ, ಅದೇ ಹೆಸರಿನ ಇನ್ನೊಂದಿದೆ. ಅದರ ಅಂಗಳದಲ್ಲಿ ಹಳೇ ಕಾರುಗಳ ಮೇಳ ನೆರೆಯುತ್ತದೆ. ಇಂಡಿಯಾನಾಪೊಲಿಸ್ ರೇಸ್ ಟ್ರ್ಯಾಕಿನ ಹತ್ತಿರ, ಸ್ಪೀಡ್‌ವೇ ಊರಿನಲ್ಲಿ 1960ರ ಮಗ್ ಎನ್ ಬನ್ ಇಂದಿಗೂ ತನ್ನ ರೂಟ್ ಬಿಯರನ್ನು ತಾನೇ ಮಾಡುತ್ತದೆ. ಲೋಡೈನಲ್ಲೂ ಎ ಆ್ಯಂಡ್ ಡಬ್ಲ್ಯು ಉಳಿದಿದೆ.

ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೊರಟಿದ್ದೀರಾ? ನಯಾಗರ ನೋಡಿ, ನ್ಯೂಯಾರ್ಕ್ ನೋಡಿ, ಬೇಡವೆನ್ನುವುದಿಲ್ಲ. ಒಂದು ಸಂಜೆ ಮಾತ್ರ ಹೆದ್ದಾರಿಯಿಂದ ಕೆಳಗಿಳಿದು ಸಣ್ಣ ಊರಿನೊಳಗೆ ಕಾರು ತಿರುಗಿಸಲು ಹೇಳಿ. ಬೇಸಿಗೆಯಲ್ಲೇ ಹೋಗಿ. ಬಾಟಲಿಯದ್ದು ಬೇಡ ಎನ್ನಿ, ಇಲ್ಲೇ ಮಾಡಿದ್ದು ಬೇಕು, ಗಾಜಿನ ಮಗ್ಗಿನಲ್ಲೇ ಬೇಕು ಎನ್ನಿ. ಮನೆಯವರಿಗೆಲ್ಲ ಒಂದೊಂದು ಹೇಳಿ, ಹಂಚಿಕೊಂಡರೆ ಸಾಲುವುದಿಲ್ಲ!