ಕಡುಹಸಿರು ರಿಬ್ಬನ್ನಿನ ನಾಯಿಗಳು

ಅಮೆರಿಕದಲ್ಲಿ ನಡೆಯುವ ನಾಯಿಗಳ ಒಬೀಡಿಯನ್ಸ್ (ವಿಧೇಯತೆ) ಸ್ಪರ್ಧೆಯ ಬಹುಮಾನದ ಮೇಜಿನ ಮೇಲೆ ಬಣ್ಣಬಣ್ಣದ ರಿಬ್ಬನ್‌ಗಳಿರುತ್ತವೆ. ಮೊದಲ ಸ್ಥಾನಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಹಳದಿ, ನಾಲ್ಕನೆಯದಕ್ಕೆ ಬಿಳಿ. ಆ ದಿನದ ಮುಖ್ಯ ತರಗತಿಗಳಲ್ಲೆಲ್ಲ ಅತಿ ಹೆಚ್ಚು ಅಂಕ ಗಳಿಸಿದ ನಾಯಿಗೆ ನೀಲಿ ಮತ್ತು ಹೊಂಬಣ್ಣ ಬೆರೆತ ರಿಬ್ಬನ್. ಅದನ್ನು ‘ಹೈ ಇನ್ ಟ್ರಯಲ್’ ಎನ್ನುತ್ತಾರೆ. ಇವುಗಳ ಪಕ್ಕದಲ್ಲಿ ಕಡುಹಸಿರು ಬಣ್ಣದ ಒಂದು ಕಟ್ಟು ಇರುತ್ತದೆ. ಅದಕ್ಕೆ ಸ್ಥಾನದ ಹಂಗಿಲ್ಲ. 200 ಅಂಕಗಳಲ್ಲಿ ಕನಿಷ್ಠ 170 ಪಡೆದ, ಪ್ರತಿ ಪರೀಕ್ಷೆಯಲ್ಲೂ ಅರ್ಧಕ್ಕಿಂತ ಹೆಚ್ಚು ಅಂಕ ಉಳಿಸಿಕೊಂಡ ಪ್ರತಿಯೊಂದು ನಾಯಿಗೂ ಅದು ಸಲ್ಲುತ್ತದೆ. ಮೂವತ್ತು ನಾಯಿಗಳು ಬಂದು ಮೂವತ್ತೂ ತೇರ್ಗಡೆಯಾದರೆ ಮೂವತ್ತಕ್ಕೂ ಹಸಿರು. ಒಂದೂ ಆಗದಿದ್ದರೆ ಇಡೀ ಕಟ್ಟು ಮೇಜಿನ ಮೇಲೇ ಉಳಿಯುತ್ತದೆ.

ಈ ಆಟದಲ್ಲಿ ಮನ್ನಣೆಯ ತಳಪಾಯ ಇರುವುದು ಈ ಹಸಿರು ರಿಬ್ಬನ್ನಿನಲ್ಲಿ. ಅದನ್ನು ಗಳಿಸಿದರೆ ಒಂದು ‘ಲೆಗ್’ ಸಿಕ್ಕಿತು ಎನ್ನುತ್ತಾರೆ. ಒಂದೇ ತೀರ್ಪುಗಾರರ ಕೈಯಲ್ಲಿ ಅಷ್ಟೂ ಆಗಬಾರದೆಂಬ ಷರತ್ತಿನೊಂದಿಗೆ ಮೂರು ಲೆಗ್ ಕೂಡಿದರೆ ನಾಯಿಗೆ ಪದವಿ. ನಮ್ಮವರು ಹೆಸರಿನ ಕೊನೆಗೆ ಬಿ.ಎ., ಬಿ.ಎಡ್. ಎಂದು ಬರೆದುಕೊಳ್ಳುವಂತೆ, ನಾಯಿಯ ನೋಂದಾಯಿತ ಹೆಸರಿನ ಕೊನೆಗೂ ಅಕ್ಷರಗಳು ಸೇರುತ್ತವೆ. ನಾವಿಸ್ ತರಗತಿ ಮುಗಿಸಿದರೆ ಸಿ.ಡಿ., ಅಂದರೆ ಕಂಪ್ಯಾನಿಯನ್ ಡಾಗ್. ಓಪನ್ ತರಗತಿ ದಾಟಿದರೆ ಸಿ.ಡಿ.ಎಕ್ಸ್. ಅದರ ಮೇಲೆ ಯುಟಿಲಿಟಿ ಡಾಗ್, ಯು.ಡಿ. ತಳಿ ಪ್ರದರ್ಶನದಲ್ಲಿ ಗೆದ್ದ ನಾಯಿಗೆ ಚಾಂಪಿಯನ್ ಎಂಬ ಬಿರುದು ಹೆಸರಿಗೆ ಮೊದಲೇ ಬಂದು ಕೂರುತ್ತದೆ. ಒಬೀಡಿಯನ್ಸ್‌ನ ಈ ಪದವಿಗಳು ಹಿಂಬದಿಗೆ ಬರುತ್ತವೆ. ಆದರೂ ನಾಯಿ ಬಲ್ಲವರ ಕಣ್ಣು ವಂಶಾವಳಿಯ ಹಾಳೆಯಲ್ಲಿ ಮೊದಲು ಹುಡುಕುವುದು ಈ ಹಿಂಬದಿಯ ಅಕ್ಷರಗಳನ್ನೇ. ಮರಿಯ ತಾಯಿತಂದೆ ನೋಡಲು ಹೇಗಿದ್ದವು ಎನ್ನುವುದಕ್ಕಿಂತ ಅವುಗಳಿಗೆ ಏನು ಕಲಿಸಲು ಆಯಿತು ಎನ್ನುವುದು ಅದನ್ನು ಕೊಳ್ಳುವವರಿಗೆ ಹೆಚ್ಚು ಮುಖ್ಯ ಎಂಬುದು ನನ್ನ ಎಣಿಕೆ.

ರಿಂಗ್ ಎಂದರೆ ಮೋಟು ಬೇಲಿಯೋ ಹಗ್ಗವೋ ಸುತ್ತುವರಿದ ಒಂದು ಚೌಕ. ಒಳಗೆ ತೀರ್ಪುಗಾರ, ನಾಯಿ ಮತ್ತು ಅದನ್ನು ನಡೆಸುವ ಹ್ಯಾಂಡ್ಲರ್. ತಿಂಡಿ ಒಯ್ಯುವಂತಿಲ್ಲ, ಆಟಿಕೆಯೂ ಇಲ್ಲ. ಪರೀಕ್ಷೆ ನಡೆಯುವಾಗ ನಿಯಮ ಒಪ್ಪಿದ ಆಜ್ಞೆಗಳ ಹೊರತು ತುಟಿ ಬಿಚ್ಚುವಂತಿಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ ಬೆನ್ನು ಸವರಿ ಶಹಬ್ಬಾಸ್ ಹೇಳಬಹುದು. ಮೊದಲನೆಯದು ಹೀಲ್. ಹ್ಯಾಂಡ್ಲರ್‌ನ ಎಡಸೊಂಟಕ್ಕೆ ಸರಿಯಾಗಿ ನಾಯಿಯ ತಲೆ ಮತ್ತು ಭುಜದ ನಡುವಿನ ಭಾಗ ಬರುವಂತೆ ನಡೆಯಬೇಕು. ತೀರ್ಪುಗಾರ ‘ಬೇಗ’ ಎಂದರೆ ಓಟ, ‘ನಿಧಾನ’ ಎಂದರೆ ಮೆಲುನಡಿಗೆ, ‘ನಿಲ್ಲಿ’ ಎಂದ ಕ್ಷಣ ನಾಯಿ ತಾನಾಗಿ ಪಕ್ಕದಲ್ಲಿ ನೇರವಾಗಿ ಕೂರಬೇಕು. ಒಂದಿಷ್ಟು ಓರೆಯಾಗಿ ಕೂತರೆ ಅರ್ಧ ಅಂಕ ಹೋಯಿತು. ಒಂದು ಹೆಜ್ಜೆ ಮುಂದೆ ಬಿದ್ದರೂ ಹಿಂದೆ ಉಳಿದರೂ ಅಂಕ ಹೋಗುತ್ತದೆ. ಬೆಲ್ಟ್ ಕೊಂಚ ಬಿಗಿಯಾದರೂ ಹಾಗೆಯೇ. ಹೊಸದಾಗಿ ನೋಡುವವರಿಗೆ ಇದು ಯಾರೋ ನಾಯಿಯೊಂದಿಗೆ ವಾಯುವಿಹಾರ ಮಾಡಿದಷ್ಟು ಸಲೀಸು. ಹತ್ತು ನಾಯಿಗಳನ್ನು ಒಂದಾದ ಮೇಲೊಂದು ನೋಡಿದ ಮೇಲೆ 198 ಯಾವುದು, 186 ಯಾವುದು ಎಂಬುದು ಕಣ್ಣಿಗೆ ತಾನಾಗಿ ಸಿಗತೊಡಗುತ್ತದೆ.

ಓಪನ್‌ನಲ್ಲಿ ಬೆಲ್ಟ್ ಇಲ್ಲ. ಕರೆದಾಗ ಓಡಿಬರುತ್ತಿರುವ ನಾಯಿ ನಡುದಾರಿಯಲ್ಲಿ ಒಂದು ಸನ್ನೆಗೋ ಮಾತಿಗೋ ನೆಲಕ್ಕೆ ಒರಗಬೇಕು, ಮತ್ತೆ ಕರೆದರೆ ಎದ್ದು ಬರಬೇಕು. ಡಂಬೆಲ್ಲನ್ನು ಎಸೆದರೆ ತಡೆಗೋಡೆ ಹಾರಿಹೋಗಿ ಕಚ್ಚಿ, ಮತ್ತೆ ಅದೇ ಗೋಡೆ ಹಾರಿ ತಂದುಕೊಡಬೇಕು. ಯುಟಿಲಿಟಿಗೆ ಬಂದರೆ ಇನ್ನೂ ಸೊಗಸು. ಅಲ್ಲಿಯ ಒಂದು ಪರೀಕ್ಷೆಯಲ್ಲಿ ಹ್ಯಾಂಡ್ಲರ್ ಒಂದು ಮಾತೂ ಆಡದೆ ಕೈಸನ್ನೆಗಳಿಂದಲೇ ನಾಯಿಯನ್ನು ನಡೆಸಿ, ನಿಲ್ಲಿಸಿ, ದೂರ ಹೋಗಿ ಅಲ್ಲಿಂದಲೇ ಮಲಗಿಸಿ, ಕೂರಿಸಿ, ಕರೆಯಬೇಕು. ಇನ್ನೊಂದು ವಾಸನೆಯ ಪರೀಕ್ಷೆ. ಒಂದೇ ಬಗೆಯ, ಚರ್ಮದಲ್ಲೋ ಲೋಹದಲ್ಲೋ ಮಾಡಿದ ಸಣ್ಣ ವಸ್ತುಗಳ ರಾಶಿ ನೆಲದ ಮೇಲೆ ಹರಡಿರುತ್ತದೆ. ಅವುಗಳಲ್ಲಿ ಒಂದನ್ನು ಮಾತ್ರ ಹ್ಯಾಂಡ್ಲರ್ ಅಂಗೈಯಲ್ಲಿ ಉಜ್ಜಿ ಕೊಟ್ಟಿರುತ್ತಾರೆ. ಅದನ್ನು ರಾಶಿಗೆ ಸೇರಿಸುವಾಗ ನಾಯಿಯೂ ಹ್ಯಾಂಡ್ಲರೂ ಬೆನ್ನು ತಿರುಗಿಸಿ ನಿಂತಿರಬೇಕು. ನಾಯಿ ಹೋಗಿ ಒಂದೊಂದನ್ನೇ ಮೂಸುತ್ತದೆ. ರಿಂಗಿನ ಹೊರಗೆ ಕೂತವರೂ ಉಸಿರು ಬಿಗಿಹಿಡಿಯುವುದು ಆಗ. ತಪ್ಪಾದುದನ್ನು ಎತ್ತಿತೆಂದರೆ, ಉಳಿದ ಎಲ್ಲದರಲ್ಲಿ ಪೂರ್ಣ ಅಂಕ ಬಂದಿದ್ದರೂ, ಒಟ್ಟು 170 ಆದರೂ, ಆ ದಿನದ ಲೆಗ್ ಇಲ್ಲ. ಒಂದು ಪರೀಕ್ಷೆಯ ಸೊನ್ನೆಯನ್ನು ಇನ್ನೊಂದರ ಹೆಚ್ಚುವರಿ ಅಂಕ ಮುಚ್ಚಲಾರದು ಎನ್ನುವ ಈ ನಿಯಮದಿಂದಲೇ ಆ ಎರಡಕ್ಷರಕ್ಕೆ ತೂಕ ಬಂದಿದೆ.

ಇದೆಲ್ಲ ಆರಂಭವಾದದ್ದು ಪೂಡಲ್ ನಾಯಿಯ ಮಾನ ಉಳಿಸಲು. ನ್ಯೂಯಾರ್ಕ್ ರಾಜ್ಯದ ಹೆಲೆನ್ ವೈಟ್‌ಹೌಸ್ ವಾಕರ್ ಸ್ಟ್ಯಾಂಡರ್ಡ್ ಪೂಡಲ್‌ಗಳನ್ನು ಸಾಕಿ ತಳಿ ಬೆಳೆಸುತ್ತಿದ್ದವರು. ತುಪ್ಪಳವನ್ನು ಚೆಂಡುಚೆಂಡಾಗಿ ಕತ್ತರಿಸಿ ಸಿಂಗರಿಸಿದ ಆ ನಾಯಿಯನ್ನು ಕಂಡರೆ ಜನಕ್ಕೆ ನಗು; ಶ್ರೀಮಂತರ ಮನೆಯ ಮೆತ್ತೆಯ ಮೇಲೆ ಕೂರುವುದಕ್ಕಷ್ಟೇ ಲಾಯಕ್ಕು ಎಂಬ ಮಾತು. ನೀರಿಗೆ ಧುಮುಕಿ ಬೇಟೆಯ ಹಕ್ಕಿ ತರುತ್ತಿದ್ದ ತಳಿಯದು ಎಂಬುದು ವಾಕರ್ ಅವರಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಆಗಲೇ ನಡೆಯುತ್ತಿದ್ದ ಇಂಥ ಪರೀಕ್ಷೆಗಳನ್ನು ಮಾದರಿಯಾಗಿಟ್ಟುಕೊಂಡು 1933ರ ಅಕ್ಟೋಬರ್‌ನಲ್ಲಿ ಮೌಂಟ್ ಕಿಸ್ಕೋದಲ್ಲಿದ್ದ ತಂದೆಯ ಎಸ್ಟೇಟಿನಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದರು. ಎಲ್ಲ ತಳಿಗೂ ಮುಕ್ತ. ಬಂದದ್ದು ಎಂಟು ನಾಯಿಗಳು. ಅಂದು ಗೆದ್ದದ್ದು ಪೂಡಲ್ ಅಲ್ಲ, ಲ್ಯಾಬ್ರಡಾರ್. ಆದರೆ ಪೂಡಲ್‌ಗಳೂ ಉಳಿದವುಗಳ ಸಮಕ್ಕೆ ಕೆಲಸ ಮಾಡುವುದನ್ನು ಜನ ಕಣ್ಣಾರೆ ಕಂಡರು.

ಮರುವರ್ಷ ನಾಯಿ ನೋಡಿಕೊಳ್ಳುವ ಕೆಲಸಕ್ಕೆಂದು ಬ್ಲಾಂಚ್ ಸಾಂಡರ್ಸ್ ಬಂದು ಸೇರಿದರು. ಮುಂದಿನ ಇತಿಹಾಸದ ಅರ್ಧಕ್ಕಿಂತ ಹೆಚ್ಚು ಪಾಲು ಈಕೆಯದು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಒಬೀಡಿಯನ್ಸ್‌ನ ನಿಯಮಗಳನ್ನು ಒಪ್ಪಿ ತನ್ನದಾಗಿಸಿಕೊಂಡಿತು, ಸಿ.ಡಿ. ಮೊದಲಾದ ಅಕ್ಷರಗಳು ಹುಟ್ಟಿದ್ದು ಆಗಲೇ. 1937ರಲ್ಲಿ ಈ ಇಬ್ಬರೂ ಕಾರಿನ ಹಿಂದೆ 21 ಅಡಿ ಉದ್ದದ ಟ್ರೇಲರ್ ಕಟ್ಟಿಕೊಂಡು, ಮೂರು ಪೂಡಲ್‌ಗಳನ್ನು ಜೊತೆಗೊಯ್ದು, ಟೆಕ್ಸಾಸ್, ಕ್ಯಾಲಿಫೋರ್ನಿಯಾದವರೆಗೆ ಸುಮಾರು 10,000 ಮೈಲಿ ಸುತ್ತಿದರು. ಹೋದ ಊರುಗಳ ನಾಯಿ ಪ್ರದರ್ಶನಗಳಲ್ಲಿ ರಿಂಗ್ ಹಾಕಿ ತೋರಿಸಿದರು, ಕಲಿಯಲು ಬಂದವರಿಗೆ ಕಲಿಸಿದರು. ಇಬ್ಬರು ಹೆಂಗಸರು ಅಂದಿನ ಕಾಲದಲ್ಲಿ ಅಷ್ಟು ದೂರ ತಾವಿಬ್ಬರೇ ಹೊರಟದ್ದನ್ನೂ ನಾನು ಮರೆಯಲಾರೆ. ಮುಂದೆ ಸಾಂಡರ್ಸ್ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ನೋಡಲು ಬಂದ ಜನಸಾಗರದ ಎದುರು ಪ್ರದರ್ಶನ ಕೊಟ್ಟರು, ಪುಸ್ತಕ ಬರೆದರು. ಸಾಮಾನ್ಯ ಗೃಹಸ್ಥರೂ ತಮ್ಮ ನಾಯಿಯನ್ನು ತಾವೇ ತರಬೇತಿಗೊಳಿಸಬಹುದು ಎಂಬ ಧೈರ್ಯ ಕೊಟ್ಟವರು ಅವರು. ಅಲ್ಲಿಯವರೆಗೆ ನಾಯಿ ತರಬೇತಿ ಎಂದರೆ ಸೈನ್ಯ, ಪೊಲೀಸ್ ಮತ್ತು ಬೇಟೆಗಾರರ ವಿದ್ಯೆ.

ಯು.ಡಿ. ತನಕ ನಾಯಿಗೆ ಎದುರಾಳಿ ಎಂಬುದಿಲ್ಲ, 170 ಎಂಬ ಗೆರೆಯಷ್ಟೇ ಇದೆ. ಆಮೇಲೆ ಲೆಕ್ಕ ಬದಲಾಗುತ್ತದೆ. ಒಂದೇ ದಿನ ಓಪನ್ ಮತ್ತು ಯುಟಿಲಿಟಿಗಳ ‘ಬಿ’ ವಿಭಾಗ ಎರಡರಲ್ಲೂ ತೇರ್ಗಡೆಯಾಗಬೇಕು, ಹಾಗೆ ಹತ್ತು ಸಲ ಆಗಬೇಕು, ಆಗ ಯು.ಡಿ.ಎಕ್ಸ್. ಎಲ್ಲಕ್ಕಿಂತ ಎತ್ತರದಲ್ಲಿ ಒಬೀಡಿಯನ್ಸ್ ಟ್ರಯಲ್ ಚಾಂಪಿಯನ್, ಓ.ಟಿ.ಸಿ.ಎಚ್. ಇದಕ್ಕೆ 100 ಪಾಯಿಂಟ್ ಬೇಕು. ಪಾಯಿಂಟ್ ಹುಟ್ಟುವುದು ಹಿಂದಿಕ್ಕಿದ ನಾಯಿಗಳ ಸಂಖ್ಯೆಯಿಂದ. ಜೊತೆಗೆ ಮೂರು ಪ್ರಥಮ ಸ್ಥಾನಗಳು, ಬೇರೆ ಬೇರೆ ತೀರ್ಪುಗಾರರ ಕೈಯಲ್ಲಿ. ಚಾಂಪಿಯನ್ ಆದ ನಾಯಿಗಳೂ ಅದೇ ತರಗತಿಯಲ್ಲಿ ಮುಂದುವರಿಯಬಹುದಾದ್ದರಿಂದ ಹೊಸಬರು ಗೆಲ್ಲಬೇಕಾದದ್ದು ಹಳೆಯ ಹುಲಿಗಳ ಎದುರು. 1977ರಲ್ಲಿ ಈ ಬಿರುದು ಜಾರಿಗೆ ಬಂದಾಗ ಅದನ್ನು ಮೊದಲು ಗಳಿಸಿದ್ದು ಮೋರ್‌ಲ್ಯಾಂಡ್ಸ್ ಗೋಲ್ಡನ್ ಟೊಂಕಾ ಎಂಬ ಗೋಲ್ಡನ್ ರಿಟ್ರೀವರ್ ಹೆಣ್ಣುನಾಯಿ. ಮೊದಲ ಮೂರೂ ಅದೇ ತಳಿಯವು. ಹಿಂಬದಿಯ ಪದವಿಗಳಂತಲ್ಲದೆ ಈ ಬಿರುದು ಹೆಸರಿಗೆ ಮೊದಲು ಬರುತ್ತದೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಮೇಲೇರಲು ಗೆಲುವಿಗೆ ಹೆಚ್ಚು ಬೆಲೆ. ಮೂವರು ತೀರ್ಪುಗಾರರಿಂದ ಮೂರು ಒಬೀಡಿಯನ್ಸ್ ಸರ್ಟಿಫಿಕೇಟ್ ಪಡೆದರೆ ಒಬೀಡಿಯನ್ಸ್ ಚಾಂಪಿಯನ್. 1955ರಿಂದ ಅಲ್ಲಿಯ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಒಬೀಡಿಯನ್ಸ್ ಸ್ಪರ್ಧೆಯೂ ಸೇರಿತು, ಗಂಡು ಹೆಣ್ಣಿಗೆ ಬೇರೆ ಬೇರೆ ಚಾಂಪಿಯನ್‌ಶಿಪ್. ತಲೆಯೆತ್ತಿ ಯಜಮಾನನ ಮುಖವನ್ನೇ ನೋಡುತ್ತಾ ಕಾಲಿಗೆ ಅಂಟಿದಂತೆ ಸಾಗುವ ಬಾರ್ಡರ್ ಕೋಲಿಗಳ ರಾಜ್ಯ ಅದು. ಕಲೆಯಾಗಿ ನೋಡಿದರೆ ಕ್ರಫ್ಟ್ಸ್‌ನ ಹೀಲ್‌ವರ್ಕ್‌ಗೆ ಸಾಟಿಯಿಲ್ಲ. ಆದರೂ ನನ್ನ ಒಲವು ಅಮೆರಿಕದ ಹಸಿರು ರಿಬ್ಬನ್ನಿನ ಕಡೆಗೇ. ಎಪ್ಪತ್ತರ ಅಜ್ಜಿ, ಶಾಲೆಗೆ ಹೋಗುವ ಹುಡುಗ, ಗಾಲಿಕುರ್ಚಿಯಲ್ಲಿ ಕೂತವರು ಒಂದೇ ದಿನ ಒಂದೇ ರಿಂಗಿಗೆ ಇಳಿದು ಮೂವರೂ ತೇರ್ಗಡೆಯಾಗಿ ಹೊರಬರುವ ಅವಕಾಶ ಅಲ್ಲಿದೆ. ಅಂಗವಿಕಲ ಹ್ಯಾಂಡ್ಲರ್‌ಗಳಿಗೆ ತಕ್ಕಂತೆ ಪರೀಕ್ಷೆಯ ವಿಧಾನ ಮಾರ್ಪಡಿಸಲು ತೀರ್ಪುಗಾರರಿಗೆ ಅಧಿಕಾರವಿದೆ. 2010ರಿಂದ ಮಿಶ್ರ ತಳಿಯ ನಾಯಿಗಳಿಗೂ ಬಾಗಿಲು ತೆರೆದಿದೆ. ಬೀದಿಯಿಂದ ಎತ್ತಿ ತಂದ ಮರಿಯೂ ಸಿ.ಡಿ. ಆಗಬಹುದು. ಎಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಿಸಿದ್ದು ಮಾತ್ರ ಸರಿಯಾಗಲಿಲ್ಲ.

ಅಮೆರಿಕದ ನಿಯಮಾವಳಿಯ ಮೊದಲ ಪುಟಗಳಲ್ಲೇ ಒಂದು ಮಾತಿದೆ. ಕೆಲಸ ಕರಾರುವಾಕ್ಕಾಗಿರಬೇಕು, ಜೊತೆಗೆ ನಾಯಿ ಅದನ್ನು ಮನಸಾರೆ, ಖುಷಿಯಿಂದ ಮಾಡುತ್ತಿರಬೇಕು. ಸಿಪಾಯಿಯಂತೆ ಸೆಟೆದು ಗದರಿಸುವ ಹ್ಯಾಂಡ್ಲರ್‌ಗಿಂತ ಸಹಜವಾಗಿ ನಡೆಸುವವರಿಗೆ ಮನ್ನಣೆ ಹೆಚ್ಚು ಎಂಬುದು ಅದರ ತಾತ್ಪರ್ಯ. ಬಾಲ ಮುದುಡಿ, ಕಿವಿ ಹಿಂದಕ್ಕೆ ಚಾಚಿ, ಅಂಜುತ್ತಾ ನಡೆವ ನಾಯಿ ಎಷ್ಟು ನೇರ ಕೂತರೂ ಈ ಆಶಯಕ್ಕೆ ಸಲ್ಲದು. ಈ ಮಾತು ಆಚರಣೆಗೆ ಬರಲು ದಶಕಗಳೇ ಹಿಡಿದವು. ಹಳೆಯ ತರಬೇತಿಯೆಲ್ಲ ಸರಪಳಿ ಪಟ್ಟಿಯ ಜಗ್ಗಾಟದ ಮೇಲೆ ನಿಂತಿತ್ತು. ಸಾಂಡರ್ಸ್ ಕೂಡ ಅದನ್ನು ಬಳಸಿದವರೇ. ಕರೆನ್ ಪ್ರಯರ್ 1984ರಲ್ಲಿ ಡಾಲ್ಫಿನ್ ತರಬೇತಿಯ ಅನುಭವವನ್ನು ನಾಯಿಗೂ ಮನುಷ್ಯರಿಗೂ ಅನ್ವಯಿಸಿ ಪುಸ್ತಕ ಬರೆದ ಮೇಲೆ, ಸರಿಯಾದ ಕ್ಷಣಕ್ಕೆ ಕ್ಲಿಕ್ಕರ್ ಒತ್ತಿ ತಿಂಡಿ ಕೊಡುವ ರೀತಿ ಮೆಲ್ಲಮೆಲ್ಲನೆ ರಿಂಗಿನವರ ಮನೆಗಳನ್ನೂ ಹೊಕ್ಕಿತು. ಇಂದು ದೊಡ್ಡ ಅಂಕ ಗಳಿಸುವ ನಾಯಿಗಳ ನಡಿಗೆಯಲ್ಲೇ ಆ ಬದಲಾವಣೆ ಕಾಣುತ್ತದೆ. ಅವು ರಿಂಗಿಗೆ ಹಾರುತ್ತಾ ಬರುತ್ತವೆ.

ನಿಯಮವೂ ನಾಯಿಯ ಕಡೆಗೆ ಬಾಗಿದ ಉದಾಹರಣೆಯಿದೆ. ಓಪನ್ ತರಗತಿಯಲ್ಲಿ ಸಾಲಾಗಿ ನಾಯಿಗಳನ್ನು ಕೂರಿಸಿ, ಹ್ಯಾಂಡ್ಲರ್‌ಗಳೆಲ್ಲ ಮರೆಗೆ ಹೋಗುತ್ತಿದ್ದರು. ಕೂತು ಮೂರು ನಿಮಿಷ, ಮಲಗಿ ಐದು ನಿಮಿಷ. ಬಲು ಹಳೆಯ, ಬಲು ಗೌರವದ ಪರೀಕ್ಷೆಯದು. ಆದರೆ ಪಕ್ಕದ ಅಪರಿಚಿತ ನಾಯಿ ಎದ್ದು ಮೈಮೇಲೆ ಬಂದರೆ, ಮಾತು ಕೇಳಿ ಕೂತ ನಾಯಿಗೆ ರಕ್ಷಣೆ ಯಾರು? 2018ರಲ್ಲಿ ಅದನ್ನು ತೆಗೆದುಹಾಕಿದರು. ಹಳಬರಲ್ಲಿ ಅನೇಕರಿಗೆ ಬೇಸರವಾಯಿತು, ಬಿರುದಿನ ಬೆಲೆ ಇಳಿಯಿತೆಂದರು. ಆ ಬೇಸರ ಅರ್ಥವಾಗುತ್ತದೆ. ನಿರ್ಧಾರ ಮಾತ್ರ ಸರಿಯೇ.

ಈ ರಿಂಗ್‌ಗಳ ಅನುಭವವೇ ನಾಯಿಗಳ ಬುದ್ಧಿವಂತಿಕೆಯ ಆ ಹೆಸರಾಂತ ಪಟ್ಟಿಗೂ ಮೂಲ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ ಅಮೆರಿಕ ಮತ್ತು ಕೆನಡಾದ 199 ಒಬೀಡಿಯನ್ಸ್ ತೀರ್ಪುಗಾರರ ಅಭಿಪ್ರಾಯ ಸಂಗ್ರಹಿಸಿ 1994ರಲ್ಲಿ ಪ್ರಕಟಿಸಿದ ಪುಸ್ತಕದ್ದು ಆ ಪಟ್ಟಿ. ಮೊದಲು ಬಾರ್ಡರ್ ಕೋಲಿ, ಎರಡನೆಯದು ಪೂಡಲ್. ವಾಕರ್ ಅವರ ಹಟಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಕೆ? ಕಟ್ಟಕಡೆಯಲ್ಲಿ ಅಫ್ಘನ್ ಹೌಂಡ್. ಅದು ದಡ್ಡ ಎಂದು ಓದಿಕೊಂಡವರೇ ಹೆಚ್ಚು. ಆದರೆ ತೀರ್ಪುಗಾರರು ಅಳೆದದ್ದು ಮನುಷ್ಯ ಹೇಳಿದ್ದನ್ನು ಎಷ್ಟು ಬೇಗ ಕಲಿತು ಎಷ್ಟು ತಪ್ಪದೆ ಮಾಡುತ್ತದೆ ಎಂಬುದನ್ನು ಮಾತ್ರ. ಬಯಲಲ್ಲಿ ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡುತ್ತಾ ಯಜಮಾನನಿಂದ ಮೈಲಿ ದೂರದಲ್ಲಿ ತನ್ನ ನಿರ್ಧಾರ ತಾನೇ ಮಾಡಬೇಕಾದ ನಾಯಿಗೆ ಹಿಂತಿರುಗಿ ಮುಖ ನೋಡುವ ಅಭ್ಯಾಸವನ್ನು ಯಾರೂ ತಳಿಯಲ್ಲಿ ಬೆಳೆಸಿಲ್ಲ. ಹಾಗಿದ್ದೂ ಯು.ಡಿ. ಗಳಿಸಿದ ಅಫ್ಘನ್ ಹೌಂಡ್‌ಗಳಿವೆ. ಅವುಗಳ 172, ಬಾರ್ಡರ್ ಕೋಲಿಯ 199ಕ್ಕೆ ಕಡಿಮೆಯೆಂದು ನನಗನ್ನಿಸುವುದಿಲ್ಲ.

ನಮ್ಮ ಮುಧೋಳ ನಾಯಿಯೂ ಅಫ್ಘನ್ ಹೌಂಡಿನ ಕುಲದ್ದೇ: ಸಣ್ಣ ನಡು, ಉದ್ದ ಕಾಲು, ದೂರದ ಚಲನೆಗೆ ತಟ್ಟನೆ ಎಚ್ಚೆತ್ತುಕೊಳ್ಳುವ ಕಣ್ಣು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಕೇಂದ್ರದಲ್ಲಿ ಈ ತಳಿಯನ್ನು ಕಾಪಾಡಿ ಬೆಳೆಸುವ ಕೆಲಸ ನಡೆದಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದಾಗ ಊರಿಗೆ ಊರೇ ಹಿಗ್ಗಿತ್ತು. ದಾವಣಗೆರೆಯ ಪೊಲೀಸ್ ನಾಯಿ ತುಂಗಾ ಕೊಲೆ ಆರೋಪಿಯ ಜಾಡು ಹಿಡಿದು ಕಿಲೋಮೀಟರುಗಟ್ಟಲೆ ಓಡಿದ್ದನ್ನು ನಾಡು ಕೊಂಡಾಡಿದೆ. ದುಡಿವ ನಾಯಿಗೆ ಮನ್ನಣೆ ಕೊಡುವುದು ನಮಗೆ ಹೊಸತೇನಲ್ಲ. ಆದರೆ ಆ ಮನ್ನಣೆಯೆಲ್ಲ ಸಮವಸ್ತ್ರದ ನಾಯಿಗೆ. ಮನೆಯ ನಾಯಿಗೆ ನಮ್ಮಲ್ಲಿ ಇರುವುದು ಬಹುಮಟ್ಟಿಗೆ ತಳಿಯ ರಿಂಗ್: ಬಾಚಿದ ಕೂದಲು, ನಿಂತ ಭಂಗಿ, ಟ್ರೋಫಿ. ಚೆನ್ನೈನಲ್ಲಿ ಕೇಂದ್ರವಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಅಡಿಯಲ್ಲಿ ಒಬೀಡಿಯನ್ಸ್ ಪರೀಕ್ಷೆಗಳೂ ಇವೆ. ಅವುಗಳ ಸುತ್ತ ಕುರ್ಚಿಗಳು ತುಂಬುವುದು ಕಡಿಮೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಕುನಾಯಿಯ ಕುರಿತು ಲಿಫ್ಟಿನಲ್ಲೂ ಮೆಟ್ಟಿಲಲ್ಲೂ ಜಗಳ ನಡೆಯುವ ಈ ದಿನಗಳಲ್ಲಿ, ಬೆಲ್ಟ್ ಜಗ್ಗದೆ ನಡೆಯುವ, ಕರೆದರೆ ಬರುವ, ಅಪರಿಚಿತರು ಮುಟ್ಟಿದರೆ ಸುಮ್ಮನೆ ನಿಲ್ಲುವ ನಾಯಿಗೆ ಒಂದು ರಿಬ್ಬನ್ ಕೊಡುವ ಸ್ಪರ್ಧೆ ಪ್ರತಿ ಜಿಲ್ಲೆಯಲ್ಲೂ ನಡೆಯಬೇಕೆಂದು ನಾನು ಆಸೆಪಡುತ್ತೇನೆ. ನಾವಿಸ್ ತರಗತಿ ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಬಯಲು ಮತ್ತು ಹಗ್ಗವಿದ್ದರೆ ರಿಂಗ್ ಸಿದ್ಧ, ಬೀದಿನಾಯಿಯೂ ಬರಬಹುದು, ಮುಧೋಳವೂ ಬರಬಹುದು.