ನರೆತ ಮೂತಿಗೊಂದು ಮನೆ

2021ರ ಜೂನ್ ಕೊನೆಯಲ್ಲಿ ಕೇರಳದ ವಿಳಿಂಜಂ ಹತ್ತಿರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೋ ಎಂಬ ಲ್ಯಾಬ್ರಡಾರ್ ನಾಯಿಯನ್ನು ದೋಣಿಗೆ ನೇತುಹಾಕಿ, ಹೊಡೆದು ಕೊಂದರು. ಮೂವರ ಬಂಧನವಾಯಿತು. ವಿಡಿಯೊ ನೋಡಿದ ಜನ ಕಂಗೆಟ್ಟರು. ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು ಪ್ರಾಣಿಹಿಂಸೆಯ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡು, ಅರ್ಜಿಗೆ ಬ್ರೂನೋ ಹೆಸರನ್ನೇ ಇಟ್ಟಿತು. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದೂ ಅದೇ ವರ್ಷ ಹೇಳಿತು.

ಹೊಡೆಯುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ವಯಸ್ಸಾಯಿತು, ಕಾಯಿಲೆ ಬಂತು ಎಂದು ನಾಯಿಯನ್ನು ಕಾರಿನಲ್ಲಿ ಒಯ್ದು ಗೊತ್ತಿಲ್ಲದ ರಸ್ತೆಯಲ್ಲಿ ಇಳಿಸಿ ಬರುವವರು ಬೀಳುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅದೂ ಅಪರಾಧವೇ. ಮೊದಲ ಸಲಕ್ಕೆ ದಂಡ ಮಾತ್ರ 10ರಿಂದ 50 ರೂಪಾಯಿ! ಹಾಗೆ ಬೀದಿಪಾಲಾದವುಗಳಲ್ಲಿ ಅದೃಷ್ಟವಿದ್ದವು ಆಶ್ರಯಧಾಮ ಸೇರುತ್ತವೆ. ದತ್ತು ಕೇಳಿ ಬಂದವರು ಮರಿಗಳನ್ನು ಎತ್ತಿಕೊಂಡು ಹೋಗುತ್ತಾರೆ, ಮೂತಿ ನರೆತದ್ದು ಅಲ್ಲೇ ಉಳಿಯುತ್ತದೆ.

ನನ್ನನ್ನು ಕೇಳಿದರೆ ಆ ನರೆತ ನಾಯಿಯೇ ಮೊದಲು ಮನೆ ಸೇರಬೇಕು. ಅದರ ಸ್ವಭಾವ ಬಲಿತಿರುತ್ತದೆ, ಸಾಧುವೋ ಅಲ್ಲವೋ ನೋಡಿ ತಿಳಿದುಕೊಳ್ಳಬಹುದು. ಕಾಯಿಲೆಯ ಭಯ ಸಹಜ. ಅದಕ್ಕೇ ತರುವ ಮೊದಲು ರಕ್ತಪರೀಕ್ಷೆಯ ವರದಿ ಕೇಳಿ: ಕಿಡ್ನಿ, ಲಿವರ್ ಹೇಗಿವೆ, ಉಣ್ಣಿ ಜ್ವರ ಬಂದಿತ್ತೇ, ದಿನಾ ಯಾವ ಮಾತ್ರೆ. ಕರಾವಳಿಯ ಸೆಕೆಯಲ್ಲಿ ಉಣ್ಣಿಯ ಕಾಟ ತಪ್ಪಿದ್ದಲ್ಲ. ಆ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಇದೆ, ಸಾಮಾನ್ಯವಾಗಿ 4 ವಾರ. ನಾಯಿ ಗೆಲುವಾಯಿತೆಂದು ನಡುವೆ ನಿಲ್ಲಿಸಬಾರದು.

ಮುದಿ ನಾಯಿ ಏಳುವುದನ್ನು ಗಮನಿಸಿ. ಮುಂಗಾಲು ಊರುತ್ತದೆ, ಕೊಂಚ ತಡೆಯುತ್ತದೆ, ಆಮೇಲೆ ಹಿಂಭಾಗ ಎತ್ತಲು ನೋಡುತ್ತದೆ. ಟೈಲ್ಸ್ ಮೇಲೆ ಹಿಂಗಾಲು ಜಾರಿ ಮತ್ತೆ ಕೂತುಬಿಡುತ್ತದೆ, ಯಾರಾದರೂ ನೋಡಿದರೇ ಎಂಬಂತೆ ಮುಖ ತಿರುಗಿಸುತ್ತದೆ. ಓಡಾಡುವ ಜಾಗಕ್ಕೆ ತೆಂಗಿನ ನಾರಿನ ಚಾಪೆ ಹಾಸಿದರೆ ಕಾಲಿಗೆ ಹಿಡಿತ ಸಿಗುತ್ತದೆ. ನೋವಿದೆಯೆಂದು ನಾವು ನುಂಗುವ ಐಬುಪ್ರೊಫೆನ್ ಅದಕ್ಕೆ ಕೊಡಲೇಬಾರದು. ನಾಯಿಯ ಹೊಟ್ಟೆಗೂ ಕಿಡ್ನಿಗೂ ಅದು ವಿಷ.

ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ ಸಿನಿಮಾ 2022ರಲ್ಲಿ ಬಂದಾಗ ಕ್ಯಾನ್ಸರ್ ಬಂದ ನಾಯಿಗಾಗಿ ಊರಿಗೆ ಊರೇ ಅತ್ತಿತು. ಹಾಗೆ ಅತ್ತವರಲ್ಲಿ ಕೆಲವರಾದರೂ ಒಂದು ಭಾನುವಾರ ಹತ್ತಿರದ ಆಶ್ರಯಧಾಮಕ್ಕೆ ಹೋಗಿ, ಇಲ್ಲಿ ಎಲ್ಲಕ್ಕಿಂತ ವಯಸ್ಸಾದದ್ದು ಯಾವುದು ಎಂದು ಕೇಳಲಿ. ಪೂರ್ತಿ ದತ್ತು ಪಡೆಯಲು ಧೈರ್ಯ ಸಾಲದಿದ್ದರೆ ಕೆಲವು ವಾರ ಮನೆಯಲ್ಲಿಟ್ಟುಕೊಂಡು ನೋಡಬಹುದೇ, ಆಗ ಔಷಧದ ಖರ್ಚು ಯಾರದು ಎಂಬುದನ್ನೂ ಅಲ್ಲೇ ಮಾತಾಡಿಕೊಳ್ಳಲಿ.